ತೂತು ಮುಚ್ಚಬೇಡಿ ಮಾರಾಯ್ರೇ

(ಮಂಗಳೂರಿನಲ್ಲಿ ಹಳೆಯ ಕಾರು ಇಟ್ಟುಕೊಂಡ ಕೆಲವರು ಸೇರಿದ್ದ ಒಂದು ಭಾನುವಾರ ಬೆಳಿಗ್ಗೆ, ಕಾರಿನ ಅಡಿಯ ಟೊಳ್ಳುಗಳೊಳಗೆ ಹಿಡಿಯುವ ತುಕ್ಕಿನ ಬಗ್ಗೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಹೆಚ್ಚು ಮುಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಕಬ್ಬಿಣದ ತುಂಡನ್ನು ಕೈಯಿಂದ ಕೈಗೆ ದಾಟಿಸಿ. ಅಂಚು ಚೂಪಾಗಿದೆ, ಜಾಗ್ರತೆ. ಹೊರಗಡೆ ನೋಡಿ, ಕಪ್ಪು ಅಂಡರ್‌ಕೋಟ್ ಇನ್ನೂ ಗಟ್ಟಿಯಾಗಿ ಕೂತಿದೆ, ಉಗುರಿಗೂ ಏಳುವುದಿಲ್ಲ. ಈಗ ತಿರುಗಿಸಿ ಒಳಗಡೆ ನೋಡಿ. ಪತ್ರೊಡೆ ಕೊಯ್ದಿಟ್ಟ ಹಾಗೆ ಪದರ ಪದರ. ಬೆರಳಿಟ್ಟರೆ ಉದುರುತ್ತದೆ. ಉಡುಪಿಯ ಕಡೆಯ ಹೋಟೆಲಿನಲ್ಲಿ ಬೆಳಿಗ್ಗೆ ತಿಂದು ಬಂದವರು ಹೋಲಿಕೆಗೆ ಕ್ಷಮಿಸಿ.

ಇದು ನನ್ನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಚಾಸಿಯ, ಎಂದರೆ ಅಡಿಯ ಚೌಕಟ್ಟಿನ, ಒಂದು ಔಟ್‌ರಿಗ್ಗರ್. ನಡುವಿನ ಎರಡು ಉದ್ದ ತೊಲೆಗಳಿಂದ ಪಕ್ಕಕ್ಕೆ ಚಾಚಿಕೊಂಡು ಬಾಡಿಯ ಅಂಚನ್ನು ಹೊರುವ ಕೈ ಅಂತ ತಿಳಿದುಕೊಳ್ಳಿ. ಹೆರಾಲ್ಡ್ ಬ್ರಿಟನ್ನಿನಲ್ಲಿ 1959ರಲ್ಲಿ ಟ್ರಯಂಫ್ ಹೆಸರಿನಲ್ಲಿ ಬಂತು, 1961ರಿಂದ ನಮ್ಮ ಮದ್ರಾಸಿನಲ್ಲೂ ತಯಾರಾಯಿತು. ಆ ಹೊತ್ತಿಗೆ ಉಳಿದ ಹೆಚ್ಚಿನವರು ಬಾಡಿ ಮತ್ತು ಚಾಸಿಯನ್ನು ಒಂದೇ ಮಾಡಿಬಿಟ್ಟಿದ್ದರು. ಟ್ರಯಂಫ್ ಕಂಪನಿಗೆ ಅದು ಆಗಲಿಲ್ಲ. ಅವರಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಪ್ರತಿಸ್ಪರ್ಧಿ ಕಾರು ಕಂಪನಿ ಬಿಎಂಸಿಯ ಪಾಲಾಗಿತ್ತು. ಹಾಗಾಗಿ ಬಾಡಿಯನ್ನು ತುಂಡು ತುಂಡಾಗಿ ಮಾಡಿಸಿ, ಬೇರೆ ಚಾಸಿಯ ಮೇಲೆ ಬೋಲ್ಟ್ ಹಾಕಿ ಕೂರಿಸಿದರು. ಕಾರು ಬಿಚ್ಚುವವನಿಗೆ ಇದು ಸ್ವರ್ಗ. ಆದರೆ ಅಡಿಯಲ್ಲಿ ಎಷ್ಟು ಮುಚ್ಚಿದ ಪೆಟ್ಟಿಗೆಗಳು, ಎಷ್ಟು ಟೊಳ್ಳುಗಳು!

ನಾನು ಮೊದಲ ಸಲ ಈ ಕಾರು ಬಿಚ್ಚಿ ಜೋಡಿಸಿದಾಗ ಬಣ್ಣಕ್ಕೆ ಸುರಿದ ದುಡ್ಡನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೇಲೆ ಹೊಳಪು, ಒಳಗೆ ಹೊಸ ಸೀಟು, ಅಡಿಗೆ ಎರಡು ಕೋಟು ಡಾಂಬರಿನಂಥ ಅಂಡರ್‌ಕೋಟ್. ಅದನ್ನು ಹೊಡೆದದ್ದು ನಾನೇ, ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ಟೈರು ಬದಲಿಸಲು ಜಾಕ್ ಕೊಟ್ಟೆ. ಕಾರು ಮೇಲೇಳಲಿಲ್ಲ, ಜಾಕೇ ಒಳಗೆ ಹೋಯಿತು. ಹಪ್ಪಳ ಮುರಿದ ಹಾಗೆ ಸದ್ದು. ನಮ್ಮ ಟಿಂಕರ್ ಮೇಸ್ತ್ರಿ ಮಲಗಿ ಅಡಿಗೆ ನೋಡಿ, ಎದ್ದು ಕೈ ಒರೆಸಿಕೊಂಡು, "ಸಾರ್, ಇದರ ನೀರಿನ ತೂತು ಎಲ್ಲಿ?" ಅಂತ ಕೇಳಿದರು. ತೂತು ಇತ್ತು. ಕಂಪನಿಯವರು ಕೊಟ್ಟಿದ್ದರು. ಅದರ ಮೇಲೆ ನನ್ನ ಎರಡು ಕೋಟು ಅಂಡರ್‌ಕೋಟ್ ಇತ್ತು.

ಇವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಟೊಳ್ಳಿನೊಳಗಿನ ತುಕ್ಕಿಗೆ ಮೊದಲ ಔಷಧಿ ಬಣ್ಣವೂ ಅಲ್ಲ, ಮೇಣವೂ ಅಲ್ಲ. ನೀರು ಹೊರಗೆ ಹೋಗುವ ದಾರಿ. ಉಳಿದದ್ದೆಲ್ಲ ಅದರ ನಂತರ.

ಲಾರಿಯ ಚಾಸಿಯನ್ನು ನೋಡಿದ್ದೀರಿ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಒಂದು ಬದಿ ತೆರೆದಿರುತ್ತದೆ. ತುಕ್ಕು ಹಿಡಿದರೆ ಕಾಣುತ್ತದೆ, ಗಾಳಿ ಬಿಸಿಲಿಗೆ ಒಣಗುತ್ತದೆ, ಬ್ರಶ್ ಹಾಕಿ ಉಜ್ಜಬಹುದು. ಕಾರಿನ ತಗಡು ತೆಳು, ತೆಳು ತಗಡಿಗೆ ಬಲ ಬರಬೇಕಾದರೆ ಮಡಚಿ ನಾಲ್ಕು ಬದಿ ಮುಚ್ಚಿ ಪೆಟ್ಟಿಗೆ ಮಾಡಬೇಕು. ಬಲ ಬಂತು, ಕಣ್ಣಿಗೆ ಮರೆಯಾಯಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರು ತಮಗೆ ಚಾಸಿಯೇ ಇಲ್ಲ ಅಂತ ನಗಬೇಡಿ. ನಿಮ್ಮ ಕಾರಿನಲ್ಲಿ ಬಾಡಿಯೇ ಚಾಸಿ. ಬಾಗಿಲ ಕೆಳಗೆ, ಕಾಲಿಡುವ ಜಾಗದಲ್ಲಿ ಉದ್ದಕ್ಕೆ ಹೋಗುವ ಪೆಟ್ಟಿಗೆ ಇದೆಯಲ್ಲ, ಅದು ಕಾರಿನ ಸೊಂಟ. ಹೆರಾಲ್ಡಿನಲ್ಲಿ ಆ ಜಾಗದ ತಗಡು ಬರೀ ಬೋಲ್ಟ್ ಹಾಕಿದ್ದು, ಬಿಚ್ಚಿ ಹೊಸದು ಹಾಕಿದರಾಯಿತು. ಪದ್ಮಿನಿಯಲ್ಲಿ ಅದು ಹೋದರೆ ಬಾಗಿಲು ಮುಚ್ಚುವುದಿಲ್ಲ, ಮುಚ್ಚಿದರೆ ತೆಗೆಯಲು ಬರುವುದಿಲ್ಲ.

ಒಳಗೆ ನೀರು ಹೇಗೆ ಹೋಗುತ್ತದೆ? ಚಕ್ರ ಎರಚಿದ ನೀರು ಬೆಸುಗೆಯ ಸಂದಿಯಿಂದ, ಬೋಲ್ಟಿನ ತೂತಿನಿಂದ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ದಾರಿ ಇದೆ, ಉಸಿರು. ಒಂದೂವರೆ ಮೀಟರ್ ಉದ್ದ, 8 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ 12 ಲೀಟರ್ ಗಾಳಿ ಇರುತ್ತದೆ. ಹಗಲು ಓಡಿಸಿ ಬಿಸಿಲಲ್ಲಿ ನಿಲ್ಲಿಸಿದಾಗ ಅದು 50 ಡಿಗ್ರಿಗೆ ಹೋಯಿತು, ರಾತ್ರಿ 25ಕ್ಕೆ ಇಳಿಯಿತು ಅಂದುಕೊಳ್ಳಿ. ಗಾಳಿ ಕುಗ್ಗಿ, ಹೊರಗಿಂದ ಸುಮಾರು ಒಂದು ಲೀಟರ್ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಆ ಒಂದು ಲೀಟರಿನಲ್ಲಿ ಅರ್ಧ ಹನಿಯಷ್ಟು ನೀರಾವಿ ಇರುತ್ತದೆ. 28 ಡಿಗ್ರಿ ಸೆಕೆ, 85 ಶೇಕಡಾ ತೇವ ಇರುವ ಗಾಳಿ ತನಗಿಂತ ಬರೀ ಮೂರು ಡಿಗ್ರಿ ತಣ್ಣಗಿರುವ ತಗಡನ್ನು ಮುಟ್ಟಿದರೆ ಸಾಕು, ಬೆವರು ಬಿಡಲು ಶುರು.

ಅರ್ಧ ಹನಿ ಏನು ಮಹಾ, ಮಧ್ಯಾಹ್ನ ಬಿಸಿಯಾದಾಗ ವಾಪಸು ಹೋಗುವುದಿಲ್ಲವೇ ಅಂತ ಕೇಳಬಹುದು. ಪೆಟ್ಟಿಗೆ ಖಾಲಿ ಇದ್ದರೆ ಬಹುಪಾಲು ಹೋಗುತ್ತದೆ. ಖಾಲಿ ಇರುವುದಿಲ್ಲ ಎನ್ನುವುದೇ ಕತೆ. ಒಳಗೆ ಕೆಸರು ಇರುತ್ತದೆ, ಕೆಸರಿನಲ್ಲಿ ಉಪ್ಪು ಇರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಬೆವರುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪು ತಾನಾಗಿ ಗಾಳಿಯಿಂದ ನೀರು ಎಳೆದು ಕರಗುತ್ತದೆ. ಕಡಲ ಬದಿಯ ಪಣಂಬೂರು, ಮಲ್ಪೆ ಕಡೆಯ ಕಾರಿಗೆ ಮಳೆ ತಾಗದಿದ್ದರೂ ಅಡಿ ಹೋಗುವುದು ಹೀಗೆ. ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದೇನೆ, ಏನೂ ಆಗುವುದಿಲ್ಲ ಎನ್ನುವವರು ದಯವಿಟ್ಟು ಮೊದಲು ಆ ಟಾರ್ಪಾಲು ತೆಗೆಯಿರಿ.

ಕೆಸರು ಇನ್ನೊಂದು ಕೆಟ್ಟ ಕೆಲಸ ಮಾಡುತ್ತದೆ. ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು ಅಂತ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಗಾಳಿ ತಾಗದ ಕೆಸರಿನಡಿಯ ತಗಡು ಉಳಿಯಬೇಕಿತ್ತು. ಆಗುವುದು ತಿರುಗಾಮುರುಗಾ. ಒಂದೇ ಒದ್ದೆ ತಗಡಿನಲ್ಲಿ ಆಮ್ಲಜನಕ ಹೆಚ್ಚಿರುವ ಜಾಗ ಮತ್ತು ಕಡಿಮೆ ಇರುವ ಜಾಗ ಸೇರಿ ಒಂದು ಸಣ್ಣ ಬ್ಯಾಟರಿಯಾಗುತ್ತದೆ. ಅದರಲ್ಲಿ ಕರಗುವುದು ಕಡಿಮೆ ಆಮ್ಲಜನಕದ ಬದಿ, ಎಂದರೆ ಕೆಸರಿನಡಿಯ ಕಬ್ಬಿಣ. ಅದಕ್ಕೇ ಪೆಟ್ಟಿಗೆಯ ಮೇಲ್ಭಾಗ ಹೊಸದರ ಹಾಗಿದ್ದು ತಳ ಮಾತ್ರ ಜರಡಿಯಾಗಿರುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತದೆ, ಹಾಗಾಗಿ ಎರಡು ತಗಡು ಸೇರುವ ಸಂದಿಯಲ್ಲಿ ಹುಟ್ಟಿದರೆ ಬೆಸುಗೆಯನ್ನೇ ಬಿರಿಸಿ ಸಂದಿ ಅಗಲ ಮಾಡುತ್ತದೆ, ಇನ್ನಷ್ಟು ನೀರಿಗೆ ಜಾಗ ಮಾಡಿಕೊಡುತ್ತದೆ.

ಈ ಔಟ್‌ರಿಗ್ಗರನ್ನು ಗ್ರೈಂಡರಿನಲ್ಲಿ ಕೊಯ್ದಾಗ ಒಳಗಿಂದ ಒಂದು ಬೊಗಸೆ ಮಣ್ಣು ಬಿತ್ತು. ಅದರ ಜೊತೆ ಹೆಬ್ಬೆರಳಿನಷ್ಟು ಒಂದು ಗಟ್ಟಿ ಉಂಡೆ. ಒಡೆದರೆ ಒಳಗೆ ಒಣಗಿದ ಜೇಡಗಳು. ಕುಂಬಾರ ಹುಳು! ಇನ್ನೊಂದು ಬದಿಯ ತೂತನ್ನು ನಾನು ಅಂಡರ್‌ಕೋಟಿನಲ್ಲಿ ಮುಚ್ಚಿರಲಿಲ್ಲ, ಉಳಿದುಹೋಗಿತ್ತು. ಅದನ್ನು ಈ ಹುಳು ಮಣ್ಣಿನಿಂದ ಮುಚ್ಚಿತ್ತು. ಕಾರು ಹೆಚ್ಚು ಓಡಿಸದೆ ಶೆಡ್ಡಿನಲ್ಲಿ ಇಡುವವರಿಗೆ ಈ ಹುಳುವಿನಷ್ಟು ದೊಡ್ಡ ಶತ್ರು ಇಲ್ಲ.

ಹೊಸ ಕಾರುಗಳಿಗೆ ಈ ಕಾಯಿಲೆ ಯಾಕೆ ಕಡಿಮೆ? ಈಗ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಪ್ರೈಮರ್ ಹಿಡಿಸುತ್ತಾರೆ, ಸಂದಿಗೊಂದಿಗೂ ಹೋಗುತ್ತದೆ. ಸತು ಲೇಪಿಸಿದ ತಗಡೂ ಬಂತು. ಪೋರ್ಷೆ 911ಕ್ಕೆ 1975ರ ಸುಮಾರಿಗೆ, ಔಡಿ 100ಕ್ಕೆ 1985ರಲ್ಲಿ. ಅದಕ್ಕೂ ಮೊದಲೇ, 1959ರಲ್ಲಿ, ಅಮೆರಿಕದ ಡೆಟ್ರಾಯಿಟಿನಲ್ಲಿ ಕರ್ಟ್ ಝೀಬಾರ್ಟ್ ಎಂಬ ಜರ್ಮನ್ ಮೂಲದ ಮೆಕ್ಯಾನಿಕ್ ಕಾರಿನ ಟೊಳ್ಳುಗಳಿಗೆ ತೂತು ಕೊರೆದು ಒಳಗೆ ಲೇಪ ಸಿಂಪಡಿಸುವ ವ್ಯಾಪಾರ ಶುರುಮಾಡಿದ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ನಮಗೆ ಸಮುದ್ರವೇ ಸುರಿಯುತ್ತದೆ. ನಾವಿಂದು ಮಾಡುವ ಕೆಲಸ ಅವನ ಕೆಲಸವೇ.

ಸರಿ, ಕಾರಿನ ಅಡಿಗೆ ಹೋಗೋಣ. ಮೊದಲು ಬಡಿದು ನೋಡಿ. ಹಲಸಿನ ಹಣ್ಣು ಬಡಿದು ನೋಡುವ ಕಿವಿ ಇದ್ದರೆ ಸಾಕು. ಸಣ್ಣ ಸುತ್ತಿಗೆ, ಮೆಲ್ಲಗೆ. ಗಟ್ಟಿ ತಗಡು ಗಂಟೆಯ ಹಾಗೆ ಕೂಗುತ್ತದೆ, ಸತ್ತದ್ದು ಬೊದ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಮಾರುವವರ ಎದುರು ಒತ್ತಿದರೆ ಜಗಳವಾಗುತ್ತದೆ, ಆದರೂ ಒತ್ತಿ. ಆಮೇಲೆ ಮೊಬೈಲಿಗೆ ಸಿಕ್ಕಿಸುವ ವೈರ್ ಕ್ಯಾಮೆರಾ ಒಂದು ತರಿಸಿಕೊಳ್ಳಿ. ತಲೆ ಪೆನ್ಸಿಲಿಗಿಂತ ಸಣ್ಣದು, ತುದಿಯಲ್ಲಿ ದೀಪ ಇರುತ್ತದೆ. ಬಣ್ಣದ ಒಂದು ಡಬ್ಬಕ್ಕೆ ಕೊಡುವ ದುಡ್ಡಿನೊಳಗೆ ಬರುತ್ತದೆ, ನಾನು ಕೊಂಡ ಉಪಕರಣಗಳಲ್ಲಿ ಇದರಷ್ಟು ಉಪಕಾರಿ ಇನ್ನೊಂದಿಲ್ಲ.

ಒಳಗಿನ ಸಡಿಲ ತುಕ್ಕು ತೆಗೆಯಲು ನಮ್ಮ ಮೇಸ್ತ್ರಿಯ ಉಪಾಯ: ಹಳೆಯ ಸೈಕಲ್ ಬ್ರೇಕ್ ಕೇಬಲಿನ ಒಂದು ತುದಿಯನ್ನು ಬಿಡಿಸಿ ಪೊರಕೆಯ ಹಾಗೆ ಮಾಡಿ, ಇನ್ನೊಂದು ತುದಿಯನ್ನು ಡ್ರಿಲ್ಲಿಗೆ ಕಚ್ಚಿಸಿ, ತೂತಿನೊಳಗೆ ಇಳಿಸಿ ತಿರುಗಿಸುವುದು. ಒಳಗೆ ಪಟಪಟ ಬಡಿದು ಪದರಗಳನ್ನು ಉದುರಿಸುತ್ತದೆ. ಕನ್ನಡಕ ಹಾಕದೆ ಮಾಡಬೇಡಿ, ಕೇಬಲ್ ಹೊರಗೆ ಹಾರಿದರೆ ಕೆನ್ನೆ ಸೀಳುತ್ತದೆ. ನಂತರ ಸಿಹಿನೀರು, ಬಿಸಿಯಾಗಿದ್ದರೆ ಒಳ್ಳೆಯದು, ಹೊರಬರುವ ನೀರು ತಿಳಿಯಾಗುವ ತನಕ. ಉಪ್ಪು ಹೋಗಬೇಕಾದರೆ ನೀರೇ ಬೇಕು. ತುಕ್ಕು ತೆಗೆಯಲು ನೀರು ಹಾಕುವುದಾ ಅಂತ ಹೆದರುವವರಿದ್ದಾರೆ, ಹೆದರಬೇಡಿ, ಒಣಗಿಸುವುದಕ್ಕೆ ಬಿಸಿಲಿದೆ, ಕಂಪ್ರೆಸರ್ ಇದೆ.

ತುಕ್ಕು ಬಿಡಿಸಲು ರಭಸದಿಂದ ಮರಳು ಹೊಡೆಸುವುದು ಹೊರಮೈಗೆ ಚೆಂದ. ಆದರೆ ಪೆಟ್ಟಿಗೆಯ ಒಳಗೆ ಸೇರಿದ ಮರಳು ಪೂರ್ತಿ ಹೊರಗೆ ಬರುವುದೇ ಇಲ್ಲ, ಕೆಸರಿನ ಕೆಲಸವನ್ನು ಮುಂದುವರಿಸುತ್ತದೆ. ಹೊಡೆಸುವ ಮೊದಲು ತೂತುಗಳಿಗೆ ಬಟ್ಟೆ ತುರುಕಿ, ಎಣಿಸಿ ತುರುಕಿ, ಎಣಿಸಿ ತೆಗೆಯಿರಿ. ಆಸಿಡ್ ತೊಟ್ಟಿಯಲ್ಲಿ ಅದ್ದಿಸುವುದು ನನಗೆ ಇಷ್ಟವಿಲ್ಲ. ಸಂದಿಯಲ್ಲಿ ಉಳಿದ ಆಸಿಡ್ ಆರು ತಿಂಗಳ ಮೇಲೆ ಬಣ್ಣದಡಿಯಿಂದ ಕಣ್ಣೀರಿನ ಹಾಗೆ ಇಳಿಯುತ್ತದೆ. ಮಂಡ್ಯದ ಕಡೆಯ ಒಬ್ಬರು ಕಾಕಂಬಿಯ, ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದ, ಬಗ್ಗೆ ಕೇಳಿದ್ದರು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಎರಡು ವಾರ ಮುಳುಗಿಸಿಟ್ಟರೆ ತುಕ್ಕು ನಿಜವಾಗಿ ಬಿಡುತ್ತದೆ, ಒಳ್ಳೆಯ ಕಬ್ಬಿಣವನ್ನು ಹೆಚ್ಚು ತಿನ್ನುವುದಿಲ್ಲ. ಬ್ರಾಕೆಟ್, ಹಿಂಜು, ಸಣ್ಣ ಸಾಮಾನಿಗೆ ಉತ್ತಮ. ಅಲ್ಯೂಮಿನಿಯಂ ಸಾಮಾನು ಮಾತ್ರ ಹಾಕಬೇಡಿ, ಅದು ಹಾಳಾಗುತ್ತದೆ. ಇಡೀ ಚಾಸಿಗೆ ಎಷ್ಟು ಬ್ಯಾರಲ್ ಬೇಕು ಅಂತ ಲೆಕ್ಕ ಹಾಕಿ, ವಾಸನೆಗೆ ನೆರೆಮನೆಯವರು ಏನು ಹೇಳುತ್ತಾರೆ ಅಂತಲೂ.

ರಸ್ಟ್ ಕನ್ವರ್ಟರ್ ಅಂತ ಬಾಟಲಿಯಲ್ಲಿ ಬರುವುದರ ಗುಟ್ಟು ನಮ್ಮ ಮನೆಯ ಅಂಗಳದಲ್ಲೇ ಇದೆ. ನಾನು ತೀರ್ಥಹಳ್ಳಿ ಕಡೆಯವನು. ಹಸಿ ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರ ಬೆರಳು ಕಪ್ಪಾಗಿ ತಿಂಗಳಾದರೂ ಹೋಗುವುದಿಲ್ಲ. ಅಡಿಕೆಯ ಚೊಗರಿನ ಟ್ಯಾನಿನ್ ಕತ್ತಿಯ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಬಾಟಲಿಯೊಳಗೆ ಹೆಚ್ಚಾಗಿ ಇರುವುದು ಟ್ಯಾನಿಕ್ ಆಸಿಡ್, ಕೆಂಪು ತುಕ್ಕನ್ನು ನೀಲಿಗಪ್ಪು ಪದರವನ್ನಾಗಿ ಮಾಡುತ್ತದೆ. ತೆಳುವಾದ ತುಕ್ಕಿಗೆ ಸರಿ. ಪತ್ರೊಡೆಯಾಗಿರುವ ಜಾಗಕ್ಕೆ ಸುರಿದರೆ ಮೇಲಿನ ಪದರ ಕಪ್ಪಾಗುತ್ತದೆ, ಕೆಳಗಿನದು ತನ್ನ ಪಾಡಿಗೆ ತಿನ್ನುತ್ತಿರುತ್ತದೆ. ಇನ್ನು ರೆಡ್ ಆಕ್ಸೈಡ್. ಅದರ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ, ಎಂದರೆ ತುಕ್ಕಿನ ಮೇಲೆ ತುಕ್ಕಿನ ಬಣ್ಣ! ಅದನ್ನೊಂದೇ ಬಳಿದರೆ ತೇವವನ್ನು ತಡೆಯುವುದಿಲ್ಲ. ಹೊಸ ತುಂಡು ಕೂರಿಸುವಾಗ ಪೆಟ್ಟಿಗೆ ಮುಚ್ಚುವ ಮೊದಲೇ ಒಳಮೈಗೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಬೆಸುಗೆ ಬೀಳುವ ಅಂಚಿಗೆ ಸತುವಿನ ಪ್ರೈಮರ್. ಬೆಸುಗೆ ಹಾಕಿದ ಜಾಗದ ಹಿಂಬದಿಯಲ್ಲಿ ಬಣ್ಣ ಸುಟ್ಟು ಹೋಗಿರುತ್ತದೆ, ಅಲ್ಲಿಗೆ ನಿಮ್ಮ ಕೈ ಹೋಗುವುದಿಲ್ಲ. ಆ ಸುಟ್ಟ ಪಟ್ಟಿಗಾಗಿಯೇ ಮೇಣ ಬೇಕು.

ಮೇಣವೇ ಯಾಕೆ, ಬಣ್ಣ ಯಾಕಲ್ಲ? ಬಣ್ಣ ಹಿಡಿಯಲು ಮೈ ಶುದ್ಧವಾಗಿರಬೇಕು. ಟೊಳ್ಳಿನೊಳಗೆ ಅದು ಆಗದ ಮಾತು. ಬಣ್ಣ ಒಣಗಿ ಗಟ್ಟಿಯಾಗಿ ಒಂದು ಕಡೆ ಬಿರುಕು ಬಿಟ್ಟರೆ ಅದರಡಿ ನೀರು ಹರಿಯುತ್ತದೆ. ಟೊಳ್ಳಿಗೆಂದೇ ಮಾಡಿದ ಮೇಣ ತುಕ್ಕಿನ ಸಂದಿಗೆ, ಎರಡು ತಗಡಿನ ನಡುವಿಗೆ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಪೂರ್ತಿ ಗಟ್ಟಿಯಾಗದೆ ಮೆತ್ತಗೆ ಉಳಿಯುತ್ತದೆ, ಗೀರು ಬಿದ್ದರೆ ತಾನಾಗಿ ಕೂಡಿಕೊಳ್ಳುತ್ತದೆ. ಡಿನಿಟ್ರೋಲ್, ವ್ಯಾಕ್ಸಾಯಿಲ್, ಟೆಕ್ಟಿಲ್ ಇತ್ಯಾದಿ ಹೆಸರುಗಳಲ್ಲಿ ಸಿಗುತ್ತವೆ. ಮೇಣದಬತ್ತಿ ಕರಗಿಸಿ ಹೊಯ್ಯುತ್ತೇನೆ ಎನ್ನುವವರಿಗೆ: ಅದು ಗಡುಸಾಗಿ ಬಿರಿಯುತ್ತದೆ, ಬೇಡ.

ನಾನು ಮಾಡುವ ಕ್ರಮ ಹೇಳುತ್ತೇನೆ. ಕಾಲ: ಮಾರ್ಚ್, ಏಪ್ರಿಲ್. ಮೃಗಶಿರ ಮಳೆ ಬರುವ ಮುಂಚೆ, ಕಬ್ಬಿಣ ಮೂಳೆಯ ತನಕ ಒಣಗಿರುವಾಗ. ವೆಲ್ಡಿಂಗ್ ಕೆಲಸ ಒಂದೂ ಬಾಕಿ ಇರಬಾರದು. ಮೇಣ ಹೊಡೆದ ಪೆಟ್ಟಿಗೆಗೆ ಆಮೇಲೆ ವೆಲ್ಡಿಂಗ್ ಹಿಡಿದರೆ ಒಳಗೆ ಬೆಂಕಿ ಹತ್ತುತ್ತದೆ, ಕಾಣುವುದೂ ಇಲ್ಲ. ಮೇಣದ ಡಬ್ಬವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಡುತ್ತೇನೆ, ಒಲೆಯ ಮೇಲೆ ಎಂದೂ ಇಲ್ಲ. ಕಂಪ್ರೆಸರಿನ ಗನ್ನಿಗೆ ಒಂದು ಮೀಟರಿಗಿಂತ ಉದ್ದದ ನೈಲಾನ್ ನಳಿಗೆ, ಅದರ ತುದಿಯಲ್ಲಿ ಸುತ್ತಲೂ ಎರಚುವ ಹಿತ್ತಾಳೆಯ ಮೂಗು. ನಳಿಗೆಗೆ ಪ್ರತಿ 10 ಸೆಂಟಿಮೀಟರಿಗೆ ಟೇಪು ಸುತ್ತಿರುತ್ತೇನೆ. ಪೆಟ್ಟಿಗೆಯ ಕೊನೆ ಮುಟ್ಟುವ ತನಕ ತಳ್ಳಿ, ಗುಂಡಿ ಒತ್ತಿ, ಒಂದೊಂದು ಟೇಪು ಹೊರಬಂದಂತೆ ಮನಸ್ಸಿನಲ್ಲಿ ಎಣಿಸುತ್ತಾ ಎಳೆಯುವುದು. ಅವಸರ ಮಾಡಿದರೆ ನಡುವೆ ಬರಿ ಜಾಗ ಉಳಿಯುತ್ತದೆ. ಆಮೇಲೆ ಕ್ಯಾಮೆರಾ ಇಳಿಸಿ ನೋಡಿ, ನೋಡಿದ ಮೇಲೆ ಅದರ ಮೂಗು ಒರೆಸಿ. ಮೊದಲ ಸಲ ತೆಳುವಾದ ಮೇಣ, ಮಾರನೆಯ ದಿನ ದಪ್ಪದ್ದು. ಹೆರಾಲ್ಡಿಗೆ ನಾಲ್ಕು ಲೀಟರ್ ಹತ್ತಿರ ಹಿಡಿಯಿತು.

ಎರಡು ದಿನ ಕಾರಿನಡಿಯಿಂದ ಮೇಣ ತೊಟ್ಟಿಕ್ಕುತ್ತದೆ, ಹಳೆಯ ಪೇಪರ್ ಹಾಸಿ. ತೊಟ್ಟಿಕ್ಕದ ತೂತು ಇದ್ದರೆ ಅದೇ ನಿಮಗೆ ಸುದ್ದಿ: ಅದು ಕಟ್ಟಿದೆ. ಮೂರನೆಯ ದಿನ ಸೈಕಲ್ ಸ್ಪೋಕ್ ಹಿಡಿದು ಪ್ರತಿ ನೀರಿನ ತೂತಿಗೆ ಚುಚ್ಚಿ ದಾರಿ ಬಿಡಿಸಿ. ನಳಿಗೆ ತೂರಿಸಲು ನೀವು ಕೊರೆದ ಮೇಲಿನ ತೂತುಗಳಿಗೆ ರಬ್ಬರ್ ಗ್ರೋಮೆಟ್, ಎಂದರೆ ಬಿರಡೆ, ಹಾಕಿ, ತಳದವಕ್ಕೆ ಏನೂ ಹಾಕಬೇಡಿ. ವಾಸನೆ ಹೋಗುವ ತನಕ ಬಾಗಿಲು ತೆರೆದಿಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಆ ಆವಿ ಹೊತ್ತಿಕೊಳ್ಳುವಂಥದು.

ಬಿಸಿ ಸತುವಿನಲ್ಲಿ ಇಡೀ ಚಾಸಿ ಅದ್ದಿಸುವ ದಾರಿಯೂ ಇದೆ, ಲ್ಯಾಂಡ್ ರೋವರ್ ಪ್ರಿಯರು ಬ್ರಿಟನ್ನಿನಲ್ಲಿ ಹಾಗೆ ಮಾಡಿಸುತ್ತಾರೆ. ಒಳಗೂ ಹೊರಗೂ ಸತು ಹಿಡಿಯುತ್ತದೆ. ಆದರೆ ಸತುವಿನ ತೊಟ್ಟಿ 450 ಡಿಗ್ರಿ. ಉಸಿರಾಡಲು ತೂತಿಲ್ಲದ ಪೆಟ್ಟಿಗೆಯಲ್ಲಿ ತೇವ ಉಳಿದಿದ್ದರೆ ಸಿಡಿಯುತ್ತದೆ, ತೆಳು ತಗಡು ಸೊಟ್ಟಗಾಗಬಹುದು. ಅಲ್ಲಿಯೂ ತೂತಿನದೇ ಮಾತು ನೋಡಿ.

ಈಗ ಪ್ರಶ್ನೆಗಳು.

"ಮೊದಲೆಲ್ಲ ಸರ್ವಿಸ್ ಸ್ಟೇಷನ್ನಿನಲ್ಲಿ ಅಡಿಗೆ ವೇಸ್ಟ್ ಆಯಿಲ್ ಹೊಡೆಯುತ್ತಿದ್ದರಲ್ಲ ಸಾರ್, ಅದು ಸಾಲದಾ?"

ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಓಡಿದ ಎಂಜಿನಿನ ಎಣ್ಣೆಯಲ್ಲಿ ಆಮ್ಲದ ಅಂಶ ಸೇರಿರುತ್ತದೆ, ರಬ್ಬರ್ ಬುಶ್‌ಗಳನ್ನು ಉಬ್ಬಿಸುತ್ತದೆ, ಒಂದೆರಡು ಮಳೆಗೆ ತೊಳೆದು ನಿಮ್ಮ ಬಾವಿಗೇ ಹೋಗುತ್ತದೆ. ಒಳಗಿನ ಟೊಳ್ಳಿಗಂತೂ ಅದು ತಲುಪುತ್ತಲೇ ಇರಲಿಲ್ಲ.

"ನಮ್ಮ ಭಾವ ಬಾಗಿಲಡಿಯ ಪೆಟ್ಟಿಗೆಗೆ ಉಬ್ಬಿ ಗಟ್ಟಿಯಾಗುವ ಪಿಯು ಫೋಮ್ ತುಂಬಿಸಿದ್ದಾರೆ. ನೀರು ಹೋಗುವುದಕ್ಕೆ ಜಾಗವೇ ಇಲ್ಲ ಅಂತಾರೆ."

ಭಾವನಿಗೆ ನನ್ನ ನಮಸ್ಕಾರ ಹೇಳಿ, ಆಮೇಲೆ ಆ ಕಾರನ್ನು ಮಾರಿಬಿಡಲು ಹೇಳಿ. ತಮಾಷೆಗೆ ಹೇಳಿದೆ ಅಮ್ಮ. ಫೋಮ್ ಮತ್ತು ತಗಡಿನ ನಡುವೆ ಕೂದಲೆಳೆಯ ಸಂದಿ ಉಳಿದೇ ಉಳಿಯುತ್ತದೆ, ಅಲ್ಲಿ ಹೋದ ನೀರಿಗೆ ಹೊರಗೆ ಬರುವ ದಾರಿಯಿಲ್ಲ. ಮುಂದೆ ವೆಲ್ಡಿಂಗ್ ಮಾಡುವವರು ಆ ಫೋಮಿನ ಹೊಗೆ ಕುಡಿಯಬೇಕು, ಅದು ವಿಷ.

"ಬ್ಯಾಟರಿಗೆ ಸಿಕ್ಕಿಸುವ ತುಕ್ಕು ತಡೆಯುವ ಯಂತ್ರ ಬಂದಿದೆಯಲ್ಲ?"

ಬೋಟುಗಳ ತಳಕ್ಕೆ ಸತುವಿನ ಗಟ್ಟಿ ಕಟ್ಟುವುದನ್ನು ನೀವು ನೋಡಿರಬಹುದು. ಅಲ್ಲಿ ಅದು ನಡೆಯುತ್ತದೆ, ಯಾಕೆಂದರೆ ತಳ ಇಡಿಯಾಗಿ ಸಮುದ್ರದ ನೀರಿನಲ್ಲಿ ಮುಳುಗಿರುತ್ತದೆ. ನೀರಿನ ಮೂಲಕ ಕರೆಂಟಿನ ಸುತ್ತು ಪೂರ್ತಿಯಾಗುತ್ತದೆ. ಕಾರು ಗಾಳಿಯಲ್ಲಿ ನಿಂತಿರುತ್ತದೆ. ಆ ದುಡ್ಡಿಗೆ ಎರಡು ಡಬ್ಬ ಮೇಣ ಬರುತ್ತದೆ.

"ಒಮ್ಮೆ ಹೊಡೆದರೆ ಎಷ್ಟು ವರ್ಷಕ್ಕೆ ಯೋಚನೆ ಇಲ್ಲ?"

ವರ್ಷದ ಲೆಕ್ಕ ನಾನು ಇಟ್ಟಿಲ್ಲ, ಕ್ಯಾಮೆರಾ ನೋಡಿ ಹೇಳುತ್ತೇನೆ. ದೀಪಾವಳಿ ಕಳೆದ ಮೇಲೆ ಒಂದು ಸಲ ಗ್ರೋಮೆಟ್ ತೆಗೆದು ಎಲ್ಲ ಪೆಟ್ಟಿಗೆಯೊಳಗೂ ನೋಡುತ್ತೇನೆ, ಒಣಗಿದಂತೆ ಕಂಡ ಜಾಗಕ್ಕೆ ಮಾತ್ರ ಮತ್ತೆ ಹೊಡೆಯುತ್ತೇನೆ. ನೀರಿನ ತೂತುಗಳನ್ನು ಮೇ ಕೊನೆಗೆ, ಮಳೆಗೆ ಮುಂಚೆ, ಚುಚ್ಚಿ ನೋಡುತ್ತೇನೆ. ಸ್ಪೋಕ್ ಕಾರಿನಲ್ಲೇ ಇರುತ್ತದೆ. ಈ ವರ್ಷ ಎಡಬದಿಯ ಹಿಂದಿನ ಔಟ್‌ರಿಗ್ಗರಿಗೆ ಚುಚ್ಚಿದಾಗ ಒಳಗೆ ಹೋಗಲಿಲ್ಲ. ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಹಸಿ ಮಣ್ಣು, ಇನ್ನೂ ಒಣಗಿರಲಿಲ್ಲ. ಕುಂಬಾರ ಹುಳು ಪಕ್ಕದಲ್ಲೇ, ಸ್ಪ್ರಿಂಗಿನ ಮೇಲೆ ಕೂತಿತ್ತು.